ಕ್ಯಾಸೆಟ್‌ನ ತತ್ವಪದ, ಮದುವೆಯ ಮಿಕ್ಸಿಂಗ್: ಓಪನ್ ಸೋರ್ಸ್ ಸಾಫ್ಟ್‌ವೇರ್ ಸಾಕಾಗುತ್ತದಾ?

ಪ್ರಶ್ನೆ: ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ಜಾತ್ರೆ, ಶಾಲೆಯ ಕಾರ್ಯಕ್ರಮ ಶೂಟ್ ಮಾಡಿ ಮಿಕ್ಸಿಂಗ್ ನಾನೇ ಮಾಡುತ್ತೇನೆ. ಇಲ್ಲಿವರೆಗೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬಳಸುತ್ತಿದ್ದೆ. ಈಚೆಗೆ ವೈರಸ್ ಬಂದು ಒಂದು ಮದುವೆಯ ಫೈಲೆಲ್ಲ ಲಾಕ್ ಆಗಿಬಿಟ್ಟವು. ಈಗ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್ ಕಡೆ ಬರಬೇಕು ಅಂತಿದ್ದೇನೆ. ದುಡ್ಡು ತಗೊಂಡು ಮಾಡುವ ಕೆಲಸಕ್ಕೆ ಅದನ್ನು ಬಳಸಬಹುದಾ? ಕನ್ನಡ ಟೈಟಲ್ ಸರಿ ಬರುತ್ತಾ? ಲ್ಯಾಪ್‌ಟಾಪ್ 8 ಜಿಬಿ ರ್‍ಯಾಮ್‌ನದು. ಇನ್ನೊಂದು ಮಾತು: ನಮ್ಮ ಮುತ್ಯಾ ಯಡ್ರಾಮಿ ಕಡೆ ಭಜನಾ ಮೇಳದಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಿದ್ದರು. ಆಗ ತುಂಬಿಸಿಟ್ಟ ಕ್ಯಾಸೆಟ್ ಒಂದು ಪೆಟ್ಟಿಗೆ ತುಂಬ ಇವೆ. ಅವನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವುದು ಹೇಗೆ? ನನಗೆ ಕೋಡಿಂಗ್ ಬರಲ್ಲ. ತಮ್ಮ ಇಂಜಿನಿಯರಿಂಗ್ ಓದುತ್ತಿದ್ದಾನೆ. ಇಷ್ಟೆಲ್ಲ ಪುಕ್ಕಟೆ ತಗೊಂಡು ನಾವೂ ಏನಾದರೂ ವಾಪಸ್ ಕೊಡಬಹುದಾ?

ಉತ್ತರ: ನೀವು ಕೇಳಿದ ಕ್ಯಾಸೆಟ್ ವಿಷಯವನ್ನೇ ಮೊದಲು ಮಾತಾಡೋಣ. ಸಾಫ್ಟ್‌ವೇರನ್ನು ಮುಂದಿನ ವರ್ಷ ಕಲಿತರೂ ನಡೆಯುತ್ತದೆ, ಟೇಪ್ ಮಾತ್ರ ಕಾಯುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಪತ್ರಾಸಿನ ಕೆಳಗೆ ಇಟ್ಟ ಪೆಟ್ಟಿಗೆಯೊಳಗೆ ಇನ್ನೂ ಜಾಸ್ತಿ. ಆ ಬಿಸಿಗೆ ಟೇಪಿನ ಸುತ್ತುಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಸ್ಪಂಜಿನಂಥ ಪ್ಯಾಡ್ ಅಂಟು ಬಿಟ್ಟು ಬಿದ್ದುಹೋಗುತ್ತದೆ. ಪೆಟ್ಟಿಗೆಯನ್ನು ಇವತ್ತೇ ಇಳಿಸಿ, ಮನೆಯಲ್ಲಿ ತಂಪಾದ, ಒಣಗಿದ ಜಾಗದಲ್ಲಿಡಿ. ಸ್ಪೀಕರ್ ಪಕ್ಕದಲ್ಲಿ ಮಾತ್ರ ಬೇಡ. ಅದರೊಳಗೆ ಅಯಸ್ಕಾಂತ ಇರುತ್ತದೆ. ಪ್ರತಿ ಕ್ಯಾಸೆಟ್‌ನ ಮೇಲ್ತುದಿಯಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ. ಆಮೇಲೆ ಯಾರಾದರೂ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಹಳೆಯದು ಅಳಿಸಿಹೋಗುವುದಿಲ್ಲ.

ಪ್ಲೇ ಮಾಡುವ ಮೊದಲು ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ. ಬಿಗಿಯಾಗಿ ಕೂತ ಟೇಪ್ ಸಡಿಲಾಗುತ್ತದೆ. ಮಧ್ಯೆ ಎಲ್ಲಾದರೂ ತಡೆದರೆ ಜಬರ್ದಸ್ತಿ ಮಾಡಬೇಡಿ, ಪೆನ್ಸಿಲ್ ಹಾಕಿ ಕೈಯಿಂದ ತಿರುಗಿಸಿ. ಪ್ಯಾಡ್ ಬಿದ್ದಿದ್ದರೆ, ಸ್ಕ್ರೂ ಇರುವ ಇನ್ನೊಂದು ಖಾಲಿ ಕ್ಯಾಸೆಟ್ ಬಿಚ್ಚಿ ಟೇಪನ್ನು ಅದರೊಳಗೆ ಕೂರಿಸಬಹುದು. ಟೇಪ್ ರೆಕಾರ್ಡರ್ ರಿಪೇರಿ ಮಾಡಿದ ಅನುಭವ ಇರುವವರ ಕೈಯಲ್ಲಿ ಮಾಡಿಸಿ. ಡೆಕ್‌ನ ಹೆಡ್ ಮತ್ತು ರಬ್ಬರ್ ರೋಲರ್ ಒರೆಸಿ. ಹೆಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿ ಸಾಕು. ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಿ.

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಟೇಪ್ ಓಡುವ ದಿಕ್ಕಿಗೆ ಹೆಡ್ ಸರಿಯಾಗಿ 90 ಡಿಗ್ರಿಯಲ್ಲಿ ನಿಂತಿರಬೇಕು. ಅದನ್ನು ಅಜಿಮುತ್ ಅನ್ನುತ್ತಾರೆ. ಮುತ್ಯಾನ ಕಾಲದ ರೆಕಾರ್ಡರಿನ ಹೆಡ್ ಕೂದಲೆಳೆಯಷ್ಟು ವಾರೆ ಇದ್ದಿದ್ದರೆ, ನಿಮ್ಮ ಡೆಕ್‌ನಲ್ಲಿ ಅದೇ ಕ್ಯಾಸೆಟ್ ಮಬ್ಬಾಗಿ ಕೇಳುತ್ತದೆ. ದಮ್ಮಡಿಯ ಗೆಜ್ಜೆ ಸದ್ದು, ತಾಳದ ಚುರುಕು ಎಲ್ಲ ಹೋಗಿರುತ್ತದೆ. ಜನ ‘ಟೇಪ್ ಹಾಳಾಗಿದೆ’ ಅಂದುಕೊಂಡು ಸುಮ್ಮನಾಗುತ್ತಾರೆ. ಬಹಳ ಸಲ ಟೇಪ್ ಚೆನ್ನಾಗಿಯೇ ಇರುತ್ತದೆ. ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು, ಹಾಡು ಓಡುತ್ತಿರುವಾಗಲೇ, ತುಸು ಆಚೀಚೆ ತಿರುಗಿಸಿ ನೋಡಿ. ಒಂದು ಜಾಗದಲ್ಲಿ ತಾಳ ಪಳಪಳ ಅಂತ ಮೇಲೆದ್ದು ಬರುತ್ತದೆ. ಆ ಕ್ಯಾಸೆಟ್‌ಗೆ ಅದೇ ಸರಿಯಾದ ಜಾಗ. ಯಾವ ಸಾಫ್ಟ್‌ವೇರೂ ಆಮೇಲೆ ಇಷ್ಟನ್ನು ವಾಪಸ್ ತರಲಾರದು. ಕಾಂತೀಯ ಟೇಪಿನಿಂದ ಹೊರಗೇ ಬರದ ಸದ್ದನ್ನು ಕಂಪ್ಯೂಟರ್ ಎಲ್ಲಿಂದ ತರಬೇಕು?

ಡೆಕ್‌ನಿಂದ ಕಂಪ್ಯೂಟರಿಗೆ ಬರುವಾಗ ಲೈನ್ ಔಟ್‌ನಿಂದ ಲೈನ್ ಇನ್‌ಗೆ ಬನ್ನಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಬೇಡಿ. ಅದು ಸಾಮಾನ್ಯವಾಗಿ ಮೊನೊ, ಮೈಕಿನ ಸಣ್ಣ ಸಿಗ್ನಲ್‌ಗೆ ಮಾಡಿದ್ದು, ಡೆಕ್‌ನ ದೊಡ್ಡ ಸಿಗ್ನಲ್ ಅಲ್ಲಿ ಒಡೆದುಹೋಗುತ್ತದೆ. ಸ್ಟಿರಿಯೊ ಲೈನ್ ಇನ್ ಇರುವ ಒಂದು ಸಣ್ಣ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಕೊಳ್ಳಿ. ಈ ಇಡೀ ಕೆಲಸದಲ್ಲಿ ನಾನು ದುಡ್ಡು ಖರ್ಚು ಮಾಡಿ ಅನ್ನುವುದು ಇದಕ್ಕೆ ಮಾತ್ರ, ಜೊತೆಗೆ ಬ್ಯಾಕಪ್‌ಗೆ ಒಂದು ಹಾರ್ಡ್ ಡಿಸ್ಕ್.

ರೆಕಾರ್ಡ್ ಮಾಡಲು ಆಡಾಸಿಟಿ ಸಾಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಶುರುವಾಗಿ 2000ದಲ್ಲಿ ಹೊರಬಂದ ಸಾಫ್ಟ್‌ವೇರ್ ಅದು. ಸ್ಟಿರಿಯೊ, 48000 ಹರ್ಟ್ಸ್, 24 ಬಿಟ್ ಇಟ್ಟುಕೊಳ್ಳಿ. ಮೊನೊ ಕ್ಯಾಸೆಟ್ ಆಗಿದ್ದರೂ ಸ್ಟಿರಿಯೊದಲ್ಲೇ ತೆಗೆದುಕೊಳ್ಳಿ. ಎರಡು ಚಾನೆಲ್‌ಗಳಲ್ಲಿ ಒಂದು ಕಡೆ ಟೇಪ್ ಸವೆದಿರಬಹುದು, ಚೆನ್ನಾಗಿರುವುದನ್ನು ಆಮೇಲೆ ಆರಿಸಿಕೊಳ್ಳಬಹುದು. ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಆಡಲಿ. ಕೆಂಪು ಮುಟ್ಟಿದರೆ ಆ ತುಣುಕು ಹಾಳಾದಂತೆಯೇ. ಕಡಿಮೆ ಇದ್ದರೆ ಆಮೇಲೆ ಏರಿಸಬಹುದು, ಒಡೆದದ್ದನ್ನು ಕೂಡಿಸಲು ಆಗುವುದಿಲ್ಲ. ಈ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 17 ಎಂಬಿ ಆಗುತ್ತದೆ. 60 ನಿಮಿಷದ ಕ್ಯಾಸೆಟ್‌ಗೆ 1 ಜಿಬಿ ಅಂತ ಹಿಡಿಯಿರಿ. ಫ್ಲ್ಯಾಕ್ ಎಂಬ ಫೈಲ್ ಮಾದರಿಯಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಅದು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಸದ್ದಿನ ಒಂದು ಕಣವೂ ಹೋಗುವುದಿಲ್ಲ. ಎಂಪಿ3 ಹಾಗಲ್ಲ. ಅದು ನಮ್ಮ ಕಿವಿಗೆ ಅಷ್ಟಾಗಿ ತಿಳಿಯದು ಅನ್ನಿಸಿದ್ದನ್ನು ಎಸೆದುಬಿಡುತ್ತದೆ. ವಾಟ್ಸಾಪಿನಲ್ಲಿ ಅತ್ತೆ-ಮಾವಂದಿರಿಗೆ ಕಳಿಸಲು ಎಂಪಿ3 ಮಾಡಿ, ಪರವಾಗಿಲ್ಲ. ಮನೆಯಲ್ಲಿ ಇಡುವ ಮೂಲ ಪ್ರತಿ ಫ್ಲ್ಯಾಕ್ ಆಗಿರಲಿ.

ಆ ಮೂಲ ಪ್ರತಿಗೆ ಯಾವ ಎಫೆಕ್ಟನ್ನೂ ಹಾಕಬೇಡಿ. ಸ್ವಚ್ಛ ಮಾಡುವುದೆಲ್ಲ ನಕಲಿನ ಮೇಲೆ ಇರಲಿ. ಹತ್ತು ವರ್ಷದ ಮೇಲೆ ಇನ್ನೂ ಒಳ್ಳೆಯ ಉಪಾಯ ಬರುತ್ತದೆ, ಆಗ ಬೇಕಾಗುವುದು ನೀವು ತೊಳೆದ ಪ್ರತಿಯಲ್ಲ, ಟೇಪಿನಿಂದ ಬಂದದ್ದು ಬಂದ ಹಾಗೇ ಇರುವ ಪ್ರತಿ.

ಈಗ ಸ್ವಚ್ಛ ಮಾಡುವ ಮಾತು. ಆಡಾಸಿಟಿಯ ನಾಯ್ಸ್ ರಿಡಕ್ಷನ್ ಎರಡು ಹೆಜ್ಜೆಯಲ್ಲಿ ಕೆಲಸ ಮಾಡುತ್ತದೆ. ಮೊದಲು ಬರೀ ಸುಂಯ್ ಅನ್ನುವ ಒಂದು ತುಣುಕು ಆರಿಸಿ ‘ಇದು ಗದ್ದಲ’ ಅಂತ ಅದಕ್ಕೆ ತೋರಿಸಬೇಕು. ಆಮೇಲೆ ಇಡೀ ಹಾಡಿನಿಂದ ಆ ತರಹದ ಸದ್ದನ್ನು ಅದು ತಗ್ಗಿಸುತ್ತದೆ. ತತ್ವಪದದಲ್ಲಿ ಅಪಾಯ ಇರುವುದು ಇಲ್ಲೇ. ಹಾಡುವವರು ಬಾಯಿ ತೆಗೆಯುವ ಮೊದಲೇ ಏಕತಾರಿ ಶುರುವಾಗಿರುತ್ತದೆ. ನೀವು ಆ ಭಾಗವನ್ನು ‘ಹಾಡಿಲ್ಲದ ಜಾಗ’ ಅಂದುಕೊಂಡು ತೋರಿಸಿದರೆ, ಒಂದೇ ಸಮನೆ ಮೀಟುವ ಏಕತಾರಿಯ ನಾದವನ್ನೂ ಅದು ಗದ್ದಲದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಇಡೀ ಪದದಿಂದ ಏಕತಾರಿಯನ್ನು ತಿಂದುಹಾಕುತ್ತದೆ. ಆದ್ದರಿಂದ ವಾದ್ಯ ಶುರುವಾಗುವ ಮುಂಚಿನ ಅರ್ಧ ಸೆಕೆಂಡಾದರೂ ಸರಿ, ನಿಜವಾಗಿ ಖಾಲಿ ಇರುವ ಜಾಗವನ್ನೇ ಹುಡುಕಿ. ರೆಕಾರ್ಡ್ ಆಗದೇ ಉಳಿದ ಟೇಪಿನ ತುದಿ ಬೇಡ. ಆ ದಿನದ ಜಾಗದ, ಮೈಕಿನ ಗದ್ದಲ ಅದರಲ್ಲಿ ಇರುವುದೇ ಇಲ್ಲ.

ಎಷ್ಟು ತಗ್ಗಿಸಬೇಕು? 6 ಡೆಸಿಬೆಲ್‌ನಿಂದ ಶುರು ಮಾಡಿ, 12ರ ಮೇಲೆ ಹೋಗಬೇಡಿ. ಜಾಸ್ತಿ ಮಾಡಿದರೆ ನೀರೊಳಗಿಂದ ಹಾಡಿದ ಹಾಗೆ ಕೇಳುತ್ತದೆ, ದಮ್ಮಡಿ ಸತ್ತೇ ಹೋಗುತ್ತದೆ. ನನ್ನ ಮಟ್ಟಿಗೆ, ತುಸು ಸುಂಯ್ ಅನ್ನುವ ಆದರೆ ಜೀವ ಇರುವ ಹಾಡು, ತೊಳೆದು ಬೆಳ್ಳಗೆ ಮಾಡಿದ ಹಾಡಿಗಿಂತ ಎಷ್ಟೋ ಮೇಲು. ಕರೆಂಟಿನ ಗುಂಯ್ ಸದ್ದು ಇದ್ದರೆ ಅದಕ್ಕೆ ನಾಯ್ಸ್ ರಿಡಕ್ಷನ್ ಬೇಡ. ಅದು 50 ಹರ್ಟ್ಸ್‌ನಲ್ಲಿ ಮತ್ತು ಅದರ ಮಡಿಗಳಾದ 100, 150ರಲ್ಲಿ ಕೂತಿರುತ್ತದೆ. ನಾಚ್ ಫಿಲ್ಟರ್‌ನಿಂದ ಅಷ್ಟನ್ನೇ ಕಿತ್ತು ತೆಗೆಯಬಹುದು.

ಫೈಲಿನ ಹೆಸರಿನಲ್ಲೇ ಊರು, ವರ್ಷ, ಹಾಡಿದವರು, ಪದದ ಮೊದಲ ಸಾಲು ಬರೆಯಿರಿ. ಮೇಳದಲ್ಲಿ ಕೂತಿದ್ದ ಹಿರಿಯರು ಇನ್ನೂ ಇದ್ದರೆ ಅವರಿಗೆ ಕೇಳಿಸಿ, ದನಿ ಯಾರದು ಅಂತ ಬರೆದುಕೊಳ್ಳಿ. ಅದು ಸಾಫ್ಟ್‌ವೇರ್ ಹೇಳುವ ಮಾತಲ್ಲ. ಮುಂದೆ ಎಲ್ಲರಿಗೂ ಸಿಗುವ ಹಾಗೆ ಹಾಕಬೇಕು ಅಂದರೆ ಹಕ್ಕಿನ ಮಾತೂ ಬರುತ್ತದೆ. ಮಡಿವಾಳಪ್ಪನವರ ಪದ ಹಳೆಯದು, ಅದರ ಮೇಲೆ ಯಾರ ಕಾಪಿರೈಟೂ ಇಲ್ಲ. ಹಾಡಿದವರ ಹಕ್ಕು ಬೇರೆ. ನಮ್ಮ ಕಾನೂನಿನಲ್ಲಿ ಹಾಡುಗಾರರಿಗೆ 50 ವರ್ಷ, ರೆಕಾರ್ಡಿಂಗಿಗೆ 60 ವರ್ಷ ರಕ್ಷಣೆ ಇದೆ. ಮೇಳದವರ ಮನೆಗಳಿಗೆ ಹೋಗಿ ಒಪ್ಪಿಗೆ ಕೇಳಿ. ಕಾನೂನು ಇರಲಿ ಬಿಡಲಿ, ಅದು ಕೇಳಲೇಬೇಕಾದ ಮಾತು.

ಮದುವೆಯ ಕೆಲಸಕ್ಕೆ ಬರೋಣ. ದುಡ್ಡು ತಗೊಂಡು ಮಾಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾಡಬಹುದು. ಈ ಸಾಫ್ಟ್‌ವೇರ್‌ಗಳಲ್ಲಿ ಬಹುಪಾಲು ಜಿಪಿಎಲ್ ಎಂಬ ಲೈಸೆನ್ಸ್‌ನಲ್ಲಿವೆ. ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು, ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಬಹುದು, ಯಾರಿಗೆ ಬೇಕಾದರೂ ಕೊಡಬಹುದು. ಅದರಿಂದ ತಯಾರಾದ ವಿಡಿಯೊ ನಿಮ್ಮದೇ. ಜಿಪಿಎಲ್‌ನ ಕರಾರು ಬರುವುದು ಸಾಫ್ಟ್‌ವೇರನ್ನೇ ಇನ್ನೊಬ್ಬರಿಗೆ ಕೊಟ್ಟಾಗ. ಆಗ ಅದರ ಕೋಡೂ ಅವರಿಗೆ ಸಿಗುವ ಹಾಗೆ ಮಾಡಬೇಕು, ನೀವು ತಿದ್ದಿದ್ದರೆ ತಿದ್ದಿದ ಕೋಡನ್ನೂ ಕೊಡಬೇಕು. ಮದುವೆ ವಿಡಿಯೊದಲ್ಲಿ ಸಿನಿಮಾ ಹಾಡು ಹಾಕುವ ವಿಚಾರ ಬೇರೆಯೇ, ಅದಕ್ಕೂ ಸಾಫ್ಟ್‌ವೇರ್ ಲೈಸೆನ್ಸಿಗೂ ಸಂಬಂಧ ಇಲ್ಲ.

ವೈರಸ್ ಬಂದ ಲ್ಯಾಪ್‌ಟಾಪನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿ. ಹಳೆಯ ಕ್ರ್ಯಾಕ್ ಇಟ್ಟ ಪೆನ್ ಡ್ರೈವ್ ಮತ್ತೆ ಚುಚ್ಚಬೇಡಿ. ಲಾಕ್ ಆದ ಫೈಲ್‌ಗಳನ್ನು ಎಸೆಯದೇ ಬೇರೆ ಡಿಸ್ಕಿನಲ್ಲಿಡಿ, ಕೆಲವು ವೈರಸ್‌ಗಳಿಗೆ ತಡವಾಗಿ ಬೀಗದ ಕೈ ಸಿಕ್ಕಿದ್ದುಂಟು. ಇನ್ನು ಮುಂದೆ ಸಾಫ್ಟ್‌ವೇರನ್ನು ಅದರ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ವಿಡಿಯೊ ನೋಡುವ ವಿಎಲ್‌ಸಿ ಪ್ಲೇಯರ್ ಬೇಕೆಂದರೆ ವಿಡಿಯೊಲ್ಯಾನ್ ಡಾಟ್ ಆರ್ಗ್. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ. 2022ರಲ್ಲಿ ಕೆಲವು ತಿಂಗಳು ನಮ್ಮ ದೇಶದಲ್ಲಿ ಆ ತಾಣವೇ ತೆರೆಯುತ್ತಿರಲಿಲ್ಲ. ತಡೆ ಹಾಕಿದ್ದನ್ನು ಪ್ರಶ್ನಿಸಿ ವಿಡಿಯೊಲ್ಯಾನ್ ಸಂಸ್ಥೆ ನೋಟಿಸ್ ಕೊಟ್ಟ ಮೇಲೆ, ಅದೇ ವರ್ಷ ನವೆಂಬರ್‌ನಲ್ಲಿ ತಡೆ ತೆಗೆದರು. ಹೀಗೆ ಅಸಲಿ ಬಾಗಿಲು ಮುಚ್ಚಿದಾಗಲೇ ಜನ ನಕಲಿ ತಾಣಕ್ಕೆ ಹೋಗಿ ಸಿಕ್ಕಿಬೀಳುವುದು.

ಮಿಕ್ಸಿಂಗಿಗೆ ನಾನು ಕೆಡೆನ್‌ಲೈವ್ ಹೇಳುತ್ತೇನೆ. ಬಹಳ ಟ್ರ್ಯಾಕ್ ಹಾಕಿ ಕೆಲಸ ಮಾಡಿ ಅಭ್ಯಾಸ ಇರುವವರಿಗೆ ಅದು ಬೇಗ ಕೈಗೆ ಹತ್ತುತ್ತದೆ. ಸರಳವಾಗಿ ಬೇಕೆಂದರೆ ಶಾಟ್‌ಕಟ್ ಇದೆ. ಎರಡರ ಒಳಗೂ ಇರುವ ಇಂಜಿನ್ ಎಂಎಲ್‌ಟಿ, ಒಂದೇ. 8 ಜಿಬಿ ಲ್ಯಾಪ್‌ಟಾಪಿನಲ್ಲಿ 4ಕೆ ಕ್ಲಿಪ್ ತಡವರಿಸುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿ ಆನ್ ಮಾಡಿ. ಪ್ರತಿ ಕ್ಲಿಪ್ಪಿನ ಸಣ್ಣ ನಕಲು ತಯಾರಾಗುತ್ತದೆ, ಕತ್ತರಿಸುವುದು ಕೂಡಿಸುವುದೆಲ್ಲ ಅದರ ಮೇಲೆ ನಡೆಯುತ್ತದೆ, ಕೊನೆಗೆ ರೆಂಡರ್ ಆಗುವಾಗ ಮೂಲ ಫೈಲೇ ಬರುತ್ತದೆ. ಮೊಬೈಲಿನಲ್ಲಿ ತೆಗೆದ ಕ್ಲಿಪ್ ಸೇರಿಸಿದಾಗ ಮಾತು ಒಂದು ಕಡೆ, ತುಟಿ ಒಂದು ಕಡೆ ಹೋಗುವುದು ನೋಡಿರುತ್ತೀರಿ. ಮೊಬೈಲ್ ಒಂದು ಸೆಕೆಂಡಿಗೆ ಒಮ್ಮೆ 30, ಒಮ್ಮೆ 27 ಫ್ರೇಮ್ ಹೀಗೆ ಏರುಪೇರಾಗಿ ತೆಗೆಯುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ ಮೊದಲೇ ಸರಿ ಮಾಡಿಕೊಂಡು ಆಮೇಲೆ ಒಳಗೆ ತನ್ನಿ. ಹಾಗೇ ಕ್ಯಾಮೆರಾದ ಶಟರ್ 1/50ರಲ್ಲಿರಲಿ. ನಮ್ಮ ಕರೆಂಟು 50 ಹರ್ಟ್ಸ್, ಮಂಟಪದ ಲೈಟು ಮಿಣುಕುವ ಪಟ್ಟಿಗಳು ಕಡಿಮೆಯಾಗುತ್ತವೆ.

ಜಾತ್ರೆ, ಪ್ರವಚನ ಲೈವ್ ಕೊಡುವುದಿದ್ದರೆ ಒಬಿಎಸ್ ಸ್ಟುಡಿಯೊ ಇದೆ. 2012ರಿಂದ ಬೆಳೆದು ಬಂದದ್ದು, ಲೈವ್ ಮಾಡುವವರಲ್ಲಿ ಅದನ್ನು ತಿಳಿಯದವರು ಕಡಿಮೆ. ಅದರಲ್ಲಿ ರೆಕಾರ್ಡಿಂಗನ್ನು ಎಂಕೆವಿ ಎಂಬ ಫೈಲ್ ಮಾದರಿಗೆ ಇಟ್ಟುಕೊಳ್ಳಿ. ಮಧ್ಯೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಮಾಮೂಲಿ ಎಂಪಿ4 ಫೈಲು ತೆರೆಯುವುದೇ ಇಲ್ಲ, ಯಾಕೆಂದರೆ ಫೈಲಿನಲ್ಲಿ ಏನು ಎಲ್ಲಿದೆ ಅನ್ನುವ ಪಟ್ಟಿ ಬರೆಯುವುದು ಕೊನೆಯಲ್ಲಿ. ಎಂಕೆವಿ ಅಲ್ಲಿವರೆಗಿನದನ್ನು ಉಳಿಸಿಕೊಡುತ್ತದೆ. ಆಮೇಲೆ ಒಬಿಎಸ್‌ನಲ್ಲೇ ರೀಮಕ್ಸ್ ಒತ್ತಿದರೆ ಕ್ವಾಲಿಟಿ ಒಂದಿಷ್ಟೂ ಕೆಡದೆ, ಸ್ವಲ್ಪ ಹೊತ್ತಿನಲ್ಲೇ ಎಂಪಿ4 ಆಗುತ್ತದೆ.

ಕನ್ನಡ ಟೈಟಲ್ ಬಗ್ಗೆ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ಕೊನೆಯ ಪ್ರಶ್ನೆಯ ಉತ್ತರವೂ ಇದರಲ್ಲೇ ಇದೆ. ಸ್ಟುಡಿಯೊಗಳಲ್ಲಿ ಇವತ್ತಿಗೂ ಹಳೆಯ ಆಸ್ಕಿ ಫಾಂಟ್‌ಗಳು ಓಡುತ್ತಿವೆ. ಅವು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟ ಫಾಂಟ್‌ಗಳು. ಫಾಂಟ್ ಬದಲಾಯಿಸಿದ ಕೂಡಲೇ ಇಡೀ ಸಾಲು ಗೀಚಿದ ಹಾಗೆ ಕಾಣುತ್ತದೆ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಜಾಗ ಇರುವ ಯೂನಿಕೋಡ್‌ಗೆ ಬನ್ನಿ. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಇವು ಪುಕ್ಕಟೆ ಸಿಗುತ್ತವೆ, ದುಡ್ಡಿನ ಕೆಲಸಕ್ಕೂ ಬಳಸಬಹುದು.

ಯೂನಿಕೋಡ್‌ನಲ್ಲಿ ‘ಕ್ಷೇತ್ರ’ ಅಂತ ಒತ್ತಿದಾಗ ಕಂಪ್ಯೂಟರಿನೊಳಗೆ ಇರುವುದು ಬಿಡಿಬಿಡಿ ಅಕ್ಷರಗಳ ಸಾಲು. ಅದನ್ನು ಒತ್ತಕ್ಷರ ಸಮೇತ ಸರಿಯಾಗಿ ಕೂರಿಸುವ ಕೆಲಸಕ್ಕೆ ಬೇರೆ ಲೈಬ್ರರಿ, ಅಂದರೆ ಬೇರೆ ಬೇರೆ ಸಾಫ್ಟ್‌ವೇರ್ ತಮ್ಮೊಳಗೆ ಸೇರಿಸಿಕೊಳ್ಳುವ ತಯಾರು ಕೋಡ್ ಬೇಕು. ಹಾರ್ಫ್‌ಬಜ್ ಅನ್ನುವ ಓಪನ್ ಸೋರ್ಸ್ ಲೈಬ್ರರಿ ಅದನ್ನು ಮಾಡುತ್ತದೆ. ನಿಮ್ಮ ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್ ಎಲ್ಲದರಲ್ಲೂ ಕನ್ನಡ ಸರಿ ಕಾಣುವುದು ಅದರ ದೆಸೆಯಿಂದ. ಕೆಡೆನ್‌ಲೈವ್‌ನ ಟೈಟಲ್ ಕ್ಯೂಟಿ ಎಂಬ ಇನ್ನೊಂದು ಲೈಬ್ರರಿಯ ಮೂಲಕ ಹಾರ್ಫ್‌ಬಜ್ಜನ್ನೇ ಬಳಸುವುದರಿಂದ ಅಲ್ಲಿ ಕನ್ನಡ ಚೆನ್ನಾಗಿ ಬರುತ್ತದೆ. ಸಬ್‌ಟೈಟಲ್ ತೋರಿಸುವ ಲಿಬ್‌ಆಸ್ ಕೂಡ ಹಾಗೇ. ಆದರೆ ಎಫ್‌ಎಫ್‌ಎಂಪೆಗ್‌ನಲ್ಲಿ ವಿಡಿಯೊ ಮೇಲೆ ಅಕ್ಷರ ಬರೆಯುವ ಡ್ರಾಟೆಕ್ಸ್ಟ್ ಎಂಬ ಫಿಲ್ಟರ್ ಬಹಳ ವರ್ಷ ಹಾರ್ಫ್‌ಬಜ್ ಬಳಸುತ್ತಿರಲಿಲ್ಲ. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತಿತ್ತು. 2023ರ 6.1 ಆವೃತ್ತಿಯಲ್ಲಿ ಅದು ಸೇರಿತು. ನಿಮ್ಮ ಹತ್ತಿರ ಅದಕ್ಕಿಂತ ಹಳೆಯದು ಇದ್ದರೆ ಹೊಸದು ಹಾಕಿಕೊಳ್ಳಿ.

ಎಫ್‌ಎಫ್‌ಎಂಪೆಗ್ ಅಂದರೆ ಏನು ಅಂತ ಕೇಳಬಹುದು. ವಿಡಿಯೊ, ಆಡಿಯೊ ಫೈಲುಗಳನ್ನು ಓದಿ ಬೇರೆ ಮಾದರಿಗೆ ಬದಲಿಸುವ ಸಾಫ್ಟ್‌ವೇರ್ ಅದು, ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಶುರು ಮಾಡಿದ್ದು. ಕಿಟಕಿ, ಬಟನ್ ಏನೂ ಇಲ್ಲ, ಕಮಾಂಡ್ ಬರೆದು ಓಡಿಸಬೇಕು. ಆದರೆ ಕೆಡೆನ್‌ಲೈವ್, ಶಾಟ್‌ಕಟ್, ಒಬಿಎಸ್, ಹ್ಯಾಂಡ್‌ಬ್ರೇಕ್, ವಿಎಲ್‌ಸಿ ಎಲ್ಲದರ ಒಳಗೂ ಅದರ ಲೈಬ್ರರಿ ಇದೆ. ಭಾವಿಯಲ್ಲಿ ನೀರು ಶುದ್ಧವಾದರೆ ಓಣಿಯ ಎಲ್ಲ ಮನೆಯ ಕೊಡಕ್ಕೂ ಶುದ್ಧ ನೀರು ಬಂದ ಹಾಗೆ, ಅಲ್ಲಿ ಒಂದು ತಪ್ಪು ತಿದ್ದಿದರೆ ಇವೆಲ್ಲಕ್ಕೂ ತಲುಪುತ್ತದೆ.

ಈಗ ನೀವು ಏನು ಕೊಡಬಹುದು ಅಂತ ನೋಡಿ. ಈ ಸಾಫ್ಟ್‌ವೇರ್ ಬರೆಯುವ ಬಹುಪಾಲು ಜನಕ್ಕೆ ಕನ್ನಡ ಓದಲು ಬರುವುದಿಲ್ಲ. ಒತ್ತಕ್ಷರ ತಪ್ಪಾಗಿ ಕೂತರೆ ಅವರಿಗೆ ಅದು ತಪ್ಪು ಅಂತ ಕಾಣುವುದೇ ಇಲ್ಲ. ಎಷ್ಟು ದೊಡ್ಡ ಪ್ರೋಗ್ರಾಮರ್ ಆದರೂ ಅಷ್ಟೇ. ನಿಮಗೆ ಅದು ಒಂದೇ ನೋಟಕ್ಕೆ ಕಾಣುತ್ತದೆ. ದಿನಾ ಕನ್ನಡ ಟೈಟಲ್ ಹಾಕುವ, ಮದುವೆ ಪತ್ರಿಕೆಯ ಹೆಸರು ತಪ್ಪಾದರೆ ಬೈಗುಳ ತಿನ್ನುವ ಸ್ಟುಡಿಯೊದವರಿಗಿಂತ ಒಳ್ಳೆಯ ಪರೀಕ್ಷಕರು ಯಾರಿದ್ದಾರೆ? ಕೋಡಿಂಗ್ ಬರಲ್ಲ ಅಂತ ಹಿಂದೆ ಸರಿಯಬೇಡಿ. ನಿಮಗೆ ಕಾಣುವುದು ಅವರಿಗೆ ಕಾಣುವುದಿಲ್ಲ, ಅದೇ ನೀವು ಕೊಡಬಹುದಾದದ್ದು.

ಒಂದು ಪರೀಕ್ಷೆಯ ಸಾಲು ಇಟ್ಟುಕೊಳ್ಳಿ. ಅದರಲ್ಲಿ ‘ಸೂರ್ಯ’ ಇರಲಿ, ಅರ್ಕಾವೊತ್ತು ಸರಿ ಬರುತ್ತಾ ನೋಡಲು. ‘ರ್‍ಯಾಲಿ’ ಇರಲಿ, ಅಲ್ಲಿ ರ ಪೂರ್ತಿ ಉಳಿದು ಯ ಒತ್ತಾಗಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಜೋಡಿಸುವ ಗುರುತೊಂದು ಇರುತ್ತದೆ, ಕೆಲವು ಸಾಫ್ಟ್‌ವೇರ್ ಅದನ್ನು ನುಂಗಿಬಿಡುತ್ತವೆ. ‘ಸಾಫ್ಟ್‌ವೇರ್’ ಇರಲಿ, ಅಲ್ಲಿ ಬಿಡಿಸುವ ಗುರುತು ಇರುತ್ತದೆ. ‘ಸ್ತ್ರೀ’, ‘ರಾಷ್ಟ್ರೀಯ’ ಇರಲಿ, ಒಂದೇ ಅಕ್ಷರಕ್ಕೆ ಎರಡು ಒತ್ತು ಸರಿಯಾಗಿ ಬರುತ್ತಾ ನೋಡಲು. ಹೊಸ ಆವೃತ್ತಿ ಬಂದಾಗೆಲ್ಲ ಈ ಸಾಲನ್ನು ಟೈಟಲಿನಲ್ಲಿ ಹಾಕಿ, ರೆಂಡರ್ ಮಾಡಿ, ಸಬ್‌ಟೈಟಲ್ ಫೈಲಿನಲ್ಲೂ ಹಾಕಿ ವಿಎಲ್‌ಸಿಯಲ್ಲಿ ನೋಡಿ. ಎಡಿಟರಿನಲ್ಲಿ ಸರಿ ಕಂಡದ್ದು ರೆಂಡರ್ ಆದ ಮೇಲೆ ಕೆಡುವುದೂ ಉಂಟು.

ತಪ್ಪು ಕಂಡರೆ ಬಗ್ ರಿಪೋರ್ಟ್, ಅಂದರೆ ತಪ್ಪಿನ ದೂರು ಬರೆಯಿರಿ. ಕೆಡೆನ್‌ಲೈವ್‌ಗೆ ಅದನ್ನು ತಯಾರಿಸುವ ಕೆಡಿಇ ಬಳಗದ ಬಗ್ ತಾಣ ಇದೆ, ಆಡಾಸಿಟಿ ಮತ್ತು ಒಬಿಎಸ್‌ಗೆ ಕೋಡ್ ಇಡುವ ಗಿಟ್‌ಹಬ್ ತಾಣ, ವಿಎಲ್‌ಸಿಗೆ ವಿಡಿಯೊಲ್ಯಾನ್‌ನದೇ ಗಿಟ್‌ಲ್ಯಾಬ್. ಬರೆಯುವ ಮೊದಲು ಅದೇ ದೂರು ಬೇರೆಯವರು ಕೊಟ್ಟಿದ್ದಾರಾ ಹುಡುಕಿ. ಕೊಟ್ಟಿದ್ದರೆ ಹೊಸದು ಬೇಡ, ಅದರ ಕೆಳಗೆ ನಿಮ್ಮ ಅನುಭವ ಸೇರಿಸಿ. ಹಿಂದಿಯಲ್ಲೋ ತೆಲುಗಿನಲ್ಲೋ ಅದೇ ತೊಂದರೆ ಯಾರೋ ಬರೆದಿರಬಹುದು, ಕನ್ನಡದಲ್ಲೂ ಹಾಗೇ ಇದೆ ಅಂತ ಗೊತ್ತಾದರೆ ಆ ದೂರಿಗೆ ತೂಕ ಬರುತ್ತದೆ. ಇಂಗ್ಲಿಷ್ ಹರಕುಮುರುಕು ಇದ್ದರೂ ನಡೆಯುತ್ತದೆ. ಸಾಫ್ಟ್‌ವೇರಿನ ಆವೃತ್ತಿ, ವಿಂಡೋಸೋ ಲಿನಕ್ಸೋ, ಯಾವ ಫಾಂಟು, ಏನೇನು ಒತ್ತಿದಿರಿ, ಏನು ಬರಬೇಕಿತ್ತು, ಏನು ಬಂತು, ಇಷ್ಟು ಇರಲಿ. ಸರಿಯಾದ ರೂಪದ ಚಿತ್ರ ಒಂದು, ತಪ್ಪಿನ ಚಿತ್ರ ಒಂದು ಅಕ್ಕಪಕ್ಕ ಇಡಿ. ಆ ಪದವನ್ನು ಕಾಪಿ ಮಾಡಲು ಬರುವ ಹಾಗೆ ಟೈಪ್ ಮಾಡಿಯೂ ಹಾಕಿ. ಚಿತ್ರದಿಂದ ಅವರು ಕನ್ನಡ ಟೈಪ್ ಮಾಡಲಾರರು. ‘ಕನ್ನಡ ಸರಿ ಬರಲ್ಲ’ ಅಂತ ಒಂದೇ ಸಾಲು ಬರೆದರೆ ಯಾರಿಗೂ ಏನೂ ಮಾಡಲು ಆಗುವುದಿಲ್ಲ.

ಗಿರಾಕಿಯ ಮದುವೆಯ ಕ್ಲಿಪ್ಪನ್ನು ಮಾತ್ರ ಅಲ್ಲಿ ಹಾಕಲೇಬೇಡಿ. ಅಲ್ಲಿ ಹಾಕಿದ್ದನ್ನು ಜಗತ್ತೇ ನೋಡಬಹುದು, ಯಾರೋ ಇಳಿಸಿಕೊಂಡದ್ದನ್ನು ವಾಪಸ್ ಪಡೆಯಲು ಆಗುವುದಿಲ್ಲ. ಗೋಡೆಯನ್ನೋ ಬೀದಿಯನ್ನೋ ಹತ್ತು ಸೆಕೆಂಡ್ ಶೂಟ್ ಮಾಡಿ, ಅದೇ ತೊಂದರೆ ಅದರಲ್ಲೂ ಬರುತ್ತಾ ನೋಡಿ, ಅದನ್ನು ಕಳಿಸಿ.

ಇನ್ನೊಂದು ಕೆಲಸ ಅನುವಾದ. ಒಬಿಎಸ್‌ನ ಅನುವಾದ ಕ್ರೌಡಿನ್ ತಾಣದಲ್ಲಿ, ವಿಎಲ್‌ಸಿಯದು ಟ್ರಾನ್ಸಿಫೆಕ್ಸ್ ತಾಣದಲ್ಲಿ ನಡೆಯುತ್ತದೆ. ಕೆಡೆನ್‌ಲೈವ್‌ನದು ಕೆಡಿಇ ಬಳಗದ ಮೂಲಕ. ಒಂದೊಂದೇ ಸಾಲು ತೋರಿಸುತ್ತಾರೆ, ಎದುರಿಗೆ ಕನ್ನಡ ಬರೆಯಬೇಕು. ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಸ್ಟುಡಿಯೊದಲ್ಲಿ ಆಡುವ ಮಾತನ್ನೇ ಬರೆಯಿರಿ. ಟ್ರ್ಯಾಕ್ ಅಂದರೆ ಟ್ರ್ಯಾಕ್, ರೆಂಡರ್ ಅಂದರೆ ರೆಂಡರ್. ನಿಘಂಟು ನೋಡಿ ಹೊಸ ಪದ ಕಟ್ಟಿದರೆ ಬಳಸುವವರು ಮೆನು ಓದಿ ಕಕ್ಕಾಬಿಕ್ಕಿಯಾಗಿ ಮತ್ತೆ ಇಂಗ್ಲಿಷ್‌ಗೆ ಹೋಗುತ್ತಾರೆ. ಆದರೆ ‘ಉಳಿಸಿ’, ‘ಅಳಿಸಿ’, ‘ತೆರೆಯಿರಿ’ ಇವೆಲ್ಲ ಎಲ್ಲರಿಗೂ ಗೊತ್ತಿರುವ ಕನ್ನಡ, ಅವನ್ನು ಬಿಡಬೇಡಿ. ಸಾಲಿನ ನಡುವೆ ಶೇಕಡಾ ಗುರುತಿನ ಜೊತೆ ಒಂದು ಅಕ್ಷರವೋ ಅಂಕಿಯೋ ಬಂದರೆ ಅದನ್ನು ತಿದ್ದಬೇಡಿ, ಅಳಿಸಬೇಡಿ. ಸಾಫ್ಟ್‌ವೇರ್ ಓಡುವಾಗ ಅಲ್ಲಿ ಫೈಲಿನ ಹೆಸರೋ ಅಂಕಿಯೋ ಬಂದು ಕೂರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಆ ಗುರುತನ್ನು ಸಾಲಿನ ಮೊದಲಿಗೆ ತರಬೇಕಾಗಬಹುದು. ಅಂಥವು ಎರಡು ಇದ್ದರೆ ಅವುಗಳ ಹಿಂದುಮುಂದಿನ ಕ್ರಮ ತಪ್ಪದ ಹಾಗೆ ನೋಡಿಕೊಳ್ಳಿ. ಮೊದಲೇ ಅಲ್ಲಿ ಕೆಲಸ ಮಾಡಿದ ಕನ್ನಡದವರು ಇದ್ದರೆ ಅವರಿಗೆ ಒಂದು ಮಾತು ಬರೆದು ಕೈಜೋಡಿಸಿ.

ಇದೆಲ್ಲ ಬರೆದರೆ ಯಾರಾದರೂ ಕೇಳುತ್ತಾರಾ? ಕೇಳುತ್ತಾರೆ. 2021ರಲ್ಲಿ ಆಡಾಸಿಟಿಯನ್ನು ಮ್ಯೂಸ್ ಗ್ರೂಪ್ ತನ್ನ ಕೈಗೆ ತಗೊಂಡಿತು. ಬಳಸುವವರ ಮಾಹಿತಿ ಸಂಗ್ರಹಿಸುವ ಕೋಡನ್ನು ಸೇರಿಸುವ ಪ್ರಸ್ತಾಪ ಬಂತು. ಕೋಡ್ ತೆರೆದೇ ಇದ್ದುದರಿಂದ ಅದು ಎಲ್ಲರ ಕಣ್ಣಿಗೆ ಬಿತ್ತು, ಜನ ಜೋರಾಗಿ ಬೇಡ ಅಂದರು, ಆ ಪ್ರಸ್ತಾಪ ಕೈಬಿಟ್ಟರು. ಒಳಗೆ ಏನು ನಡೆಯುತ್ತಿದೆ ಅಂತ ನೋಡಲು ಬರುವುದು, ನೋಡಿ ಕೇಳಲು ಬರುವುದು, ನನಗೆ ಪುಕ್ಕಟೆ ಸಿಗುವುದಕ್ಕಿಂತ ದೊಡ್ಡದಾಗಿ ಕಾಣುವುದು ಅದು. ದುಡ್ಡು ಕೊಡುವ ಶಕ್ತಿ ಇದ್ದರೆ ಅದನ್ನೂ ಕೊಡಿ. ವಿಡಿಯೊಲ್ಯಾನ್, ಕೆಡಿಇ ಎರಡೂ ಲಾಭಕ್ಕಲ್ಲದ ಸಂಸ್ಥೆಗಳು, ಚಂದಾ ಅವರ ಸರ್ವರಿಗೆ, ಸಭೆಗಳಿಗೆ ಹೋಗುತ್ತದೆ.

ತಮ್ಮನಿಗೆ ಒಂದಿಷ್ಟು ಮಾತು. ಎಫ್‌ಎಫ್‌ಎಂಪೆಗ್ ಸಿ ಭಾಷೆಯಲ್ಲಿದೆ, ವೇಗಕ್ಕೆ ಅಲ್ಲಲ್ಲಿ ಅಸೆಂಬ್ಲಿ. ಶುರು ಮಾಡಲು ಅದು ಕಷ್ಟದ ಜಾಗ. ಕೆಡೆನ್‌ಲೈವ್ ಸಿ ಪ್ಲಸ್ ಪ್ಲಸ್ ಮತ್ತು ಕ್ಯೂಟಿಯಲ್ಲಿದೆ, ಕಾಲೇಜಿನಲ್ಲಿ ಕಲಿತದ್ದು ಅಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಮೊದಲು ಕೋಡ್ ಇಳಿಸಿಕೊಂಡು ತನ್ನ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಲಿ, ಅಂದರೆ ಕೋಡಿನಿಂದ ಓಡುವ ಸಾಫ್ಟ್‌ವೇರ್ ತಯಾರಿಸಲಿ. ಅಷ್ಟಾಗುವುದಕ್ಕೇ ದಿನಗಳು ಹಿಡಿಯಬಹುದು, ಬೇಜಾರು ಬೇಡ, ಎಲ್ಲರಿಗೂ ಹಾಗೇ. ಬಿಲ್ಡ್ ಮಾಡುವ ಸೂಚನೆಯಲ್ಲಿ ತಪ್ಪು ಸಿಕ್ಕರೆ ಅದನ್ನು ತಿದ್ದಿ ಕಳಿಸುವುದೇ ಒಳ್ಳೆಯ ಮೊದಲ ಕೊಡುಗೆ. ಆಮೇಲೆ ನೀವು ಬರೆದ ಕನ್ನಡದ ಬಗ್ ಒಂದನ್ನು ಅವನೇ ಎತ್ತಿಕೊಳ್ಳಲಿ. ಪರೀಕ್ಷಿಸಲು ಅಣ್ಣ ಮನೆಯಲ್ಲೇ ಇದ್ದಾರೆ, ಅಲ್ವಾ? 2005ರಿಂದ ನಡೆಯುತ್ತಿರುವ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ವಿಡಿಯೊಲ್ಯಾನ್, ಎಫ್‌ಎಫ್‌ಎಂಪೆಗ್, ಕೆಡಿಇ ಭಾಗವಹಿಸಿದ್ದುಂಟು. ಆರಿಸಿಕೊಂಡವರಿಗೆ ಮಾರ್ಗದರ್ಶಕರು ಸಿಗುತ್ತಾರೆ, ಸ್ಟೈಪೆಂಡ್ ಕೂಡ ಇರುತ್ತದೆ. ಅರ್ಜಿ ಹಾಕುವ ಕೆಲವು ತಿಂಗಳ ಮೊದಲಿನಿಂದಲೇ ಸಣ್ಣಪುಟ್ಟ ತಿದ್ದುಪಡಿ ಕಳಿಸುತ್ತಾ ಬಂದವರಿಗೆ ಅವಕಾಶ ಜಾಸ್ತಿ.

ಅವನು ಕಳಿಸಿದ ಪ್ಯಾಚಿಗೆ, ಅಂದರೆ ಕೋಡಿನ ತಿದ್ದುಪಡಿಗೆ, ‘ಇದು ಹೀಗಲ್ಲ, ಹಾಗೆ ಬರೆಯಿರಿ’ ಅಂತ ಉದ್ದ ಉತ್ತರ ಬರುತ್ತದೆ. ಅದು ಬೈಗುಳ ಅಲ್ಲ. ಎಲ್ಲರ ಕೋಡನ್ನೂ ಅಲ್ಲಿ ಹಾಗೇ ಸಾಲುಸಾಲಾಗಿ ನೋಡುತ್ತಾರೆ. ತಿದ್ದಿ ಮತ್ತೆ ಕಳಿಸಲಿ. ಎರಡು ಮೂರು ವಾರ ಉತ್ತರವೇ ಬರದಿದ್ದರೆ ಮರ್ಯಾದೆಯಿಂದ ಒಮ್ಮೆ ನೆನಪಿಸಲಿ, ಅವರಲ್ಲಿ ಬಹಳ ಜನ ಬೇರೆ ಕೆಲಸ ಮುಗಿಸಿ ಬಂದು ರಾತ್ರಿ ಕೂತು ಇದನ್ನು ನೋಡುವವರು.